ಮೂರು ಹುಲಿ, ಎಷ್ಟು ಕುರಿ? ಹಂಪಿಯ ಕಲ್ಲಿನ ಮೇಲೆ ಉಳಿದ ಆಟಗಳು, ಉಳಿಯದ ರೂಲ್ಸು

ಇವತ್ತಿನ ಸಂಚಿಕೆ ಒಂದು ಜಗಳದ ಬಗ್ಗೆ. ಒಂದೇ ಆಟಕ್ಕೆ ನಾಲ್ಕೈದು ಥರ ರೂಲ್ಸ್ ಇದ್ದಾಗ ಅದರಲ್ಲಿ ಯಾವುದು ಉಳಿಯುತ್ತೆ, ಯಾವುದು ಸಾಯುತ್ತೆ, ಅದನ್ನ ತೀರ್ಮಾನ ಮಾಡೋರು ಯಾರು?

ಸ್ಟ್ರೇಂಜರ್ ಥಿಂಗ್ಸ್ ನೋಡಿದವರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೆಸರು ಗೊತ್ತಿರುತ್ತೆ. ನಾಲ್ಕೈದು ಜನ ಒಂದು ಟೇಬಲ್ ಸುತ್ತ ಕೂತ್ಕೊಂಡು, ಒಬ್ಬ ಕಥೆ ಹೇಳ್ತಾ, ಉಳಿದವರು ಪಾತ್ರಗಳಾಗಿ, ದಾಳ ಹಾಕ್ತಾ ಆಡೋ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ್ರು. ಆಮೇಲೆ 1989ರಲ್ಲಿ ಎರಡನೇ ಎಡಿಷನ್, 2000ದಲ್ಲಿ ಮೂರನೇದು, 2008ರಲ್ಲಿ ನಾಲ್ಕನೇದು, 2014ರಲ್ಲಿ ಐದನೇದು, 2024ರಲ್ಲಿ ಅದರ ಪರಿಷ್ಕರಣೆ. ಪ್ರತಿ ಸಲ ಹೊಸದು ಬಂದಾಗಲೂ ಅರ್ಧ ಜನ "ಹಳೇದೇ ಆಟ, ಇದು ಆಟವೇ ಅಲ್ಲ" ಅಂತ ಕೂತುಬಿಡ್ತಾರೆ. ನಾಲ್ಕನೇ ಎಡಿಷನ್ ಇಷ್ಟ ಆಗದವರಿಗೆ ಪೈಜೋ ಅನ್ನೋ ಬೇರೆ ಕಂಪನಿ 2009ರಲ್ಲಿ ಹಳೇ ರೂಲ್ಸನ್ನೇ ಇಟ್ಕೊಂಡು ಪಾತ್‌ಫೈಂಡರ್ ಅಂತ ಆಟ ಮಾಡಿ ಮಾರಿತು. 2023ರ ಜನವರಿಯಲ್ಲಿ ಮೂಲ ಕಂಪನಿ ಲೈಸೆನ್ಸ್ ಬದಲಾಯಿಸೋಕೆ ಹೊರಟಾಗ ಆಟಗಾರರು ಎಷ್ಟು ಗಲಾಟೆ ಮಾಡಿದ್ರು ಅಂದ್ರೆ, ಆ ತಿಂಗಳು ಮುಗಿಯೋದ್ರೊಳಗೆ ಮೂಲ ನಿಯಮಗಳನ್ನ ಯಾರು ಬೇಕಾದ್ರೂ ಬಳಸೋ ಹಾಗೆ ಬಿಟ್ಟುಕೊಡಬೇಕಾಯ್ತು.

ಅಲ್ಲಿ ಯಾವ ಎಡಿಷನ್ ಜನಪ್ರಿಯ ಅಂತ ಕೇಳಿದ್ರೆ ಉತ್ತರ ಸಿಗುತ್ತೆ. ಪುಸ್ತಕ ಎಷ್ಟು ಮಾರಾಟ ಆಯ್ತು, ಆನ್‌ಲೈನ್‌ನಲ್ಲಿ ಎಷ್ಟು ಟೇಬಲ್‌ನಲ್ಲಿ ಯಾವುದು ಆಡ್ತಿದಾರೆ ಅಂತ ಲೆಕ್ಕ ಇರುತ್ತೆ. ಸೋತ ಎಡಿಷನ್ ಕೂಡ ಸಾಯಲ್ಲ. ಪುಸ್ತಕ ಕಪಾಟಿನಲ್ಲಿ ಇರುತ್ತಲ್ಲ, ಯಾರೋ ಒಬ್ಬ ಧೂಳು ಒರೆಸಿ ಮತ್ತೆ ಶುರು ಮಾಡ್ತಾನೆ. ಎಂಬತ್ತರ ದಶಕದ ರೂಲ್ಸಲ್ಲೇ ಇವತ್ತಿಗೂ ಆಡೋ ದೊಡ್ಡ ಗುಂಪು ಇದೆ.

ಈಗ ನಮ್ಮ ಕಡೆ ಬನ್ನಿ. ಹೊಸಪೇಟೆಯಿಂದ 13 ಕಿಲೋಮೀಟರ್, ಹಂಪಿ. ಅಲ್ಲಿನ ಮಂಟಪಗಳಲ್ಲಿ ಎಲ್ಲರೂ ತಲೆ ಎತ್ತಿ ಕಂಬ ನೋಡ್ತಾರೆ, ಛಾವಣಿ ನೋಡ್ತಾರೆ. ಒಂದ್ಸಲ ತಲೆ ತಗ್ಗಿಸಿ ನೆಲ ನೋಡಿ. ಚಪ್ಪಡಿ ಕಲ್ಲಿನ ಮೇಲೆ ಗೀರುಗಳಿವೆ. ಒಂದು ಕಡೆ ತ್ರಿಕೋನ, ಅದನ್ನ ಕತ್ತರಿಸೋ ಅಡ್ಡಗೆರೆ. ಇನ್ನೊಂದು ಕಡೆ ಎರಡು ಸಾಲಲ್ಲಿ ಪುಟ್ಟ ಪುಟ್ಟ ಕುಳಿ. ಮತ್ತೊಂದು ಕಡೆ ಚೌಕದೊಳಗೆ ಚೌಕಗಳು, ಕೆಲವು ಮನೆಗಳಲ್ಲಿ ಅಡ್ಡಪಟ್ಟಿ. ಶಿಲ್ಪಿ ಕೆತ್ತಿದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ, ಗೆರೆ ಸೊಟ್ಟ ಇದೆ. ಯಾರೋ ಕೂತವರು, ಹೊತ್ತು ಹೋಗದವರು, ಕಬ್ಬಿಣದ ಚೂರಲ್ಲೋ ಕಲ್ಲಲ್ಲೋ ಗೀಚಿದ್ದು. ಹುಲಿ-ಕುರಿ, ಅಳಗುಳಿ ಮನೆ, ಚೌಕಾಬಾರ, ನವಕಂಕರಿ.

ಇವನ್ನ ಕೆಲವರು ಸೀರಿಯಸ್ಸಾಗಿ ದಾಖಲಿಸಿದಾರೆ. ಆರ್. ವಸಂತ ಅವರು 2003ರಲ್ಲಿ ವಿಜಯನಗರದ ಮಣೆ ಆಟಗಳ ಸಮೀಕ್ಷೆಯೊಂದನ್ನ ಪ್ರಕಟಿಸಿದ್ರು. ಸ್ವೀಡನ್ನಿನ ಪುರಾತತ್ವ ತಜ್ಞೆ ಎಲ್ಕೆ ರೋಗರ್ಸ್‌ಡಾಟರ್ ಮೊದಲು ಮೊಹೆಂಜೊದಾರೋದ ಆಟಗಳ ಮೇಲೆ ಡಾಕ್ಟರೇಟ್ ಮಾಡಿ, ಆಮೇಲೆ ನಮ್ಮ ಹಂಪಿಗೆ ಬಂದು ನೆಲದ ಮೇಲಿನ ಈ ಗೆರೆಗಳ ಆಕಾರ, ಜಾಗ, ವ್ಯತ್ಯಾಸಗಳನ್ನ ಅಧ್ಯಯನ ಮಾಡಿದ್ರು. ಅವರ ಲೇಖನದ ತಲೆಬರಹದ ತಾತ್ಪರ್ಯ ಇಷ್ಟು: ಆಟಗಳಲ್ಲಿ ಉಳಿದಿರೋದು ಮಣೆ ಮಾತ್ರ.

ನನಗೆ ಮುಖ್ಯ ಅನಿಸೋದು ಅದೇ. ಅಮೆರಿಕದ ಆಟದಲ್ಲಿ ರೂಲ್ಸೇ ಪುಸ್ತಕ, ಮಣೆ ಇದ್ರೂ ಆಯ್ತು ಇಲ್ದಿದ್ರೂ ಆಯ್ತು. ನಮ್ಮಲ್ಲಿ ತಿರುಗಾಮುರುಗಾ. ಮಣೆ ಕಲ್ಲಲ್ಲಿದೆ, ರೂಲ್ಸು ಬಾಯಲ್ಲಿತ್ತು.

ಹುಲಿ-ಕುರಿಯನ್ನೇ ತಗೊಳ್ಳಿ. ಆಡು-ಹುಲಿ ಅಂತಾರೆ ಮೈಸೂರು ಕಡೆ, ತೆಲುಗಲ್ಲಿ ಪುಲಿ-ಮೇಕ. ಮೇಲೆ ಒಂದು ತುದಿ. ಅಲ್ಲಿಂದ ಕೆಳಗೆ ನಾಲ್ಕು ಕಾಲು ಇಳಿಯುತ್ತೆ. ಮಧ್ಯೆ ಮೂರು ಅಡ್ಡಗೆರೆ, ಕೆಳಗೆ ಒಂದು ತಳ. ಅಡ್ಡಗೆರೆಗಳ ತುದಿಗಳನ್ನ ಎರಡೂ ಪಕ್ಕದಲ್ಲಿ ಒಂದೊಂದು ಗೆರೆ ಜೋಡಿಸುತ್ತೆ. ಗೆರೆ ಸೇರೋ ಜಾಗ ಎಣಿಸಿ: ತುದಿಗೆ ಒಂದು, ಮೂರು ಸಾಲಿಗೆ ಆರಾರು, ತಳಕ್ಕೆ ನಾಲ್ಕು. ಒಟ್ಟು 23. ಕುರಿಯವನು ಒಂದೊಂದೇ ಕುರಿ ಇಡ್ತಾ ಹೋಗ್ತಾನೆ, ಹುಲಿಯವನು ನಡುನಡುವೆ ಓಡಾಡ್ತಾನೆ. ಪಕ್ಕದ ಕುರಿಯ ಆಚೆ ಜಾಗ ಖಾಲಿ ಇದ್ರೆ ಹುಲಿ ಹಾರಿ ಅದನ್ನ ತಿನ್ನುತ್ತೆ. ಎಲ್ಲಾ ಹುಲಿಗೂ ದಾರಿ ಕಟ್ಟಿದ್ರೆ ಕುರಿ ಗೆದ್ದ ಹಾಗೆ.

ಇಲ್ಲಿವರೆಗೆ ಜಗಳ ಇಲ್ಲ. ಜಗಳ ಶುರುವಾಗೋದು ಎಷ್ಟು ಕುರಿ ಅನ್ನೋದ್ರಲ್ಲಿ. ಮೂರು ಹುಲಿ 15 ಕುರಿ ಅನ್ನೋದು ಹೆಚ್ಚು ಕೇಳಿಬರೋ ಲೆಕ್ಕ. 18 ಕುರಿ ಇಟ್ಟು ಆಡೋರೂ ಇದಾರೆ. ಮೂರು ಕುರಿ ಹೆಚ್ಚಾದ್ರೆ ಏನು ಮಹಾ ಅನಿಸಬಹುದು. ಲೆಕ್ಕ ಹಾಕಿ ನೋಡಿ. 15 ಇದ್ರೆ, ಒಂದೂ ಸಾಯದೆ ಎಲ್ಲಾ ಇಳಿದಾಗ ಮಣೆ ಮೇಲೆ ಐದು ಜಾಗ ಖಾಲಿ. 18 ಆದ್ರೆ ಎರಡೇ ಖಾಲಿ. ಹುಲಿಗೆ ಉಸಿರಾಡೋಕೇ ಜಾಗ ಇಲ್ಲ! ಅದಕ್ಕೇ 18ರ ಆಟದಲ್ಲಿ ಹುಲಿ ಮೊದಲೇ ಬೇಟೆ ಶುರು ಮಾಡ್ಲೇಬೇಕು, ಕಾಯ್ತಾ ಕೂತ್ರೆ ಸತ್ತ. 15ರ ಆಟದಲ್ಲಿ ಹುಲಿ ಆರಾಮಾಗಿ ಹೊಂಚು ಹಾಕಬಹುದು. ಅದೇ ಮಣೆ, ಅದೇ ಕಲ್ಲು, ಆದ್ರೆ ಎರಡು ಬೇರೆ ಬೇರೆ ಆಟ. ಎರಡು ಎಡಿಷನ್.

ಹುಲಿ ಒಂದೇ ಸಲಕ್ಕೆ ಎರಡು ಕುರಿ ಹಾರಬಹುದಾ? ಎಲ್ಲಾ ಕುರಿ ಇಳಿಯೋವರೆಗೂ ಇಟ್ಟ ಕುರಿ ಕದಲಬಾರದಾ? ಎಷ್ಟು ಕುರಿ ಸತ್ರೆ ಆಟ ಮುಗೀತು? ನಮ್ಮ ತಾಯಿ ಕಡೆಯೋರು ಕಂಪ್ಲಿ, ತಂದೆ ಕಡೆಯೋರು ಹೊಸಪೇಟೆ. ನಡುವೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಜೋಡಿ ಹಾರಿಕೆ ವಿಚಾರದಲ್ಲಿ ನಮ್ಮ ಅಜ್ಜ ಮತ್ತು ಸೋದರಮಾವನ ನಡುವೆ ನಡೆದ ವಾದದಲ್ಲಿ ಒಂದು ಮಧ್ಯಾಹ್ನದ ಊಟ ತಣ್ಣಗಾಗಿದ್ದು ನನಗೆ ಚೆನ್ನಾಗಿ ನೆನಪಿದೆ. "ಅದು ಹುಲಿ ಐತೋ ಕಪ್ಪಿ ಐತೋ?" ಅಂತ ಅಜ್ಜ ಕೇಳಿದ್ದು. ಇಬ್ಬರೂ ತಮ್ಮದೇ ಮೂಲ ರೂಲು ಅಂತಿದ್ರು. ತೋರಿಸೋಕೆ ಪುಸ್ತಕ ಇಬ್ಬರ ಹತ್ರನೂ ಇರ್ಲಿಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ನೇಪಾಳದ ಬಾಘ್‌ಚಾಲ್ ಇದರ ದಾಯಾದಿ: 25 ಜಾಗದ ಚೌಕ, ನಾಲ್ಕು ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್‌ಗೆಲ್ಟ್ ಅನ್ನೋ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ವರ್ಷಗಟ್ಟಲೆ ಲೆಕ್ಕ ಹಾಕಿಸಿ ತೋರಿಸಿದ್ದೇನು ಅಂದ್ರೆ, ಇಬ್ಬರೂ ತಪ್ಪಿಲ್ಲದೆ ಆಡಿದ್ರೆ ಆ ಆಟ ಡ್ರಾ. ಅಂದ್ರೆ ಹುಲಿಗೂ ಆಡಿಗೂ ಸರಿಸಮ. ಯಾವ ಕಂಪನಿಯ ಟೆಸ್ಟಿಂಗ್ ಟೀಮೂ ಇಲ್ದೆ, ಸಂಜೆ ಸಂಜೆ ಆಡಿ ಆಡಿ, "ಒಂದು ಆಡು ಜಾಸ್ತಿ ಮಾಡ್ರಪ್ಪ, ಹುಲಿ ಸುಮ್ನೆ ಗೆಲ್ತಿದೆ" ಅಂತ ತಿದ್ದಿ ತಿದ್ದಿ ಅಲ್ಲಿಗೆ ಬಂದಿರಬೇಕು ಅಂತ ನನ್ನ ಊಹೆ.

ಅಂದ ಹಾಗೆ, ಈ ಆಟ ನಮ್ಮ ಭಾಗದ ಬದುಕಿಂದ ಎದ್ದು ಬಂದ ಹಾಗಿದೆ ಅಂತ ನನಗೆ ಯಾವಾಗ್ಲೂ ಅನಿಸುತ್ತೆ. ಸಂಡೂರಿನ ಗುಡ್ಡ, ದರೋಜಿಯ ಕುರುಚಲು ಕಾಡು, ಕುರಿ ಹಿಂಡು, ಕಾಯೋರು. ದರೋಜಿಯಲ್ಲಿ ಈಗ ಕರಡಿಧಾಮ ಇದೆ, ಚಿರತೆನೂ ಇವೆ. ಒಂಟಿ ಕುರಿ ಸತ್ತ, ಗುಂಪಾಗಿ ನಿಂತ್ರೆ ಹುಲಿಗೂ ದಾರಿ ಇಲ್ಲ. ಕುರಿ ಕಾಯೋನಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ.

ಸರಿ, ಮೊದಲಿನ ಪ್ರಶ್ನೆಗೆ ಬರೋಣ. ಯಾವುದು ಜನಪ್ರಿಯ? ನಾನು ಕಾಮರ್ಸ್ ಓದಿದವನು, ಮಾರ್ಕೆಟ್ ಶೇರ್ ಅಂದ್ರೆ ಕಿವಿ ನೆಟ್ಟಗಾಗುತ್ತೆ. ಹಂಪಿಯ ನೆಲದ ಮೇಲೆ ಯಾವ ಮಣೆ ಎಷ್ಟಿವೆ ಅಂತ ಎಣಿಸಿಬಿಟ್ರೆ ವಿಜಯನಗರದ ಟಾಪ್ ಫೈವ್ ಲಿಸ್ಟ್ ರೆಡಿ ಅಲ್ವಾ? ಅಲ್ಲ, ಅದಕ್ಕೆ ಕಾರಣಗಳಿವೆ.

ಮೊದಲು ಕಾಲದ ಸಮಸ್ಯೆ. ಮಂಟಪ ಕಟ್ಟಿದ್ದು ಹದಿನಾರನೇ ಶತಮಾನ ಅಂತ ಶಾಸನ ಹೇಳಿದ್ರೂ, ಅದರ ನೆಲದ ಮೇಲೆ ಗೀಚಿದ್ದು ಆ ಶತಮಾನದಲ್ಲೇ ಅಂತ ಹೇಳೋಕಾಗಲ್ಲ. ಸಾಮ್ರಾಜ್ಯ ಶುರುವಾಗಿದ್ದು 1336ರಲ್ಲಿ, ರಾಜಧಾನಿ ಹಾಳಾಗಿದ್ದು 1565ರ ಯುದ್ಧದ ನಂತರ. ಆಮೇಲೂ ಜಾತ್ರೆ ನಿಲ್ಲಲಿಲ್ಲ, ಕುರಿ ಕಾಯೋರು ನೆರಳಿಗೆ ಬಂದ್ರು, ಯಾತ್ರಿಕರು ಮಲಗಿದ್ರು. ಯಾವ ಗೆರೆ ಕೃಷ್ಣದೇವರಾಯನ ಕಾವಲುಗಾರಂದು, ಯಾವುದು ನಮ್ಮ ಮುತ್ತಜ್ಜನ ಕಾಲದ್ದು ಅಂತ ಕಲ್ಲು ಬಾಯಿ ಬಿಡಲ್ಲ. ನೆಲ ಹಾಸಿದ ಮೇಲಿನದ್ದು ಅಂತ ಮಾತ್ರ ಹೇಳಬಹುದು.

ಎರಡನೇದು ಇನ್ನೂ ದೊಡ್ಡದು. ಕಲ್ಲಿನ ಲೆಕ್ಕದಲ್ಲಿ ಸಿಗೋದು ಕಲ್ಲಿನ ಹತ್ರ ಕೂತವರ ಆಟ. ಮಂಟಪದಲ್ಲಿ ಹಗಲೆಲ್ಲ ಕೂರೋಕೆ ಯಾರಿಗೆ ಆಗ್ತಿತ್ತು? ಕಾವಲಿನವರು, ಗಿರಾಕಿ ಕಾಯೋ ವ್ಯಾಪಾರಿಗಳು, ದಾರಿಹೋಕರು. ಬಹುಪಾಲು ಗಂಡಸರು ಇರಬೇಕು. ಮನೆಯೊಳಗೆ ಹೆಂಗಸರು ಮರದ ಅಳಗುಳಿ ಮಣೆ ಮೇಲೆ, ಹಿಟ್ಟಿನಲ್ಲಿ ಬರೆದ ಚೌಕಾಬಾರದ ಮೇಲೆ ಆಡಿದ್ದು ಯಾವ ಸಮೀಕ್ಷೆಗೂ ಸಿಗಲ್ಲ. ಮರ ಗೆದ್ದಲು ತಿಂತು, ಹಿಟ್ಟು ಇರುವೆ ತಿಂತು. ಗಂಡಸರ ಬೇಜಾರು ಕಲ್ಲಲ್ಲಿ ಉಳೀತು.

ಅಳಗುಳಿ ಮನೆ ಬಗ್ಗೆ ಒಂದೇ ಮಾತು: ಎರಡು ಸಾಲು, ಏಳೇಳು ಕುಳಿ. ಕುಳಿಗೆ ನಾಲ್ಕು ಬೀಜ ಹಾಕಿದ್ರೆ 56, ಐದು ಹಾಕಿದ್ರೆ 70. ಎರಡೂ ಇವೆ. ತುಳುನಾಡಲ್ಲಿ ಇದೇ ಚೆನ್ನೆಮಣೆ. ಅಬ್ಬಗ-ದಾರಗ ಅನ್ನೋ ಅವಳಿ ಅಕ್ಕತಂಗಿಯರು ಚೆನ್ನೆ ಆಡ್ತಾ ಜಗಳ ಹತ್ತಿ ಒಬ್ಬಳು ಸತ್ತೇ ಹೋದ ಪಾಡ್ದನ ಅಲ್ಲಿದೆ. ರೂಲ್ಸ್ ಜಗಳಾನ ಹಗುರವಾಗಿ ತಗೋಬೇಡಿ ಅಂತ ಇದಕ್ಕೇ ಹೇಳಿದ್ದು.

ಚೌಕಾಬಾರಕ್ಕೆ ಸ್ವಲ್ಪ ಹೊತ್ತು ಕೊಡ್ತೀನಿ, ಯಾಕಂದ್ರೆ ನಿಮ್ಮಲ್ಲಿ ತುಂಬಾ ಜನ ಆಡಿರ್ತೀರಿ. ಐದು ಸಾಲು ಐದು ಕಂಬ, 25 ಮನೆ. ಹೊರಸುತ್ತಿಗೆ 16, ಒಳಸುತ್ತಿಗೆ ಎಂಟು, ನಡುವೆ ಒಂದು ಹಣ್ಣಾಗೋ ಮನೆ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ರೆ ಬಾರ, ಎಂಟು. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜ ತಗೊಂಡು ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡ್ತಾರೆ. ಕವಡೆ ಅಂದ ಕೂಡಲೇ ನನಗೆ ನೆನಪಾಗೋದು ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ, ಲಂಗದ ಅಂಚಿಗೆ ಹೊಲಿದ ಕವಡೆ ಸಾಲು. ಕಡಲಿನ ಚಿಪ್ಪು ಗಣಿ ಊರಿನ ಗುಡ್ಡ ಹತ್ತಿದ ಕಥೆಗೆ ಒಂದು ಸಂಚಿಕೆನೇ ಬೇಕು, ಇನ್ನೊಂದ್ಸಲ ಮಾಡೋಣ.

ಚೌಕಾಬಾರದ ಎಡಿಷನ್ ಜಗಳ ಇದು: ಒಳಸುತ್ತಿಗೆ ಹೋಗೋ ಮುಂಚೆ ಎದುರಾಳಿಯ ಒಂದು ಕಾಯನ್ನಾದ್ರೂ ಹೊಡೆದಿರಲೇಬೇಕಾ? ಕೆಲವು ಮನೇಲಿ ಹೌದು, ಕೆಲವು ಮನೇಲಿ ಬೇಡ. ಹೊಡೀಲೇಬೇಕು ಅನ್ನೋ ರೂಲ್ ಇದ್ರೆ ಎಲ್ಲರೂ ಬೇಟೆಗಾರರು, ಅಡ್ಡಪಟ್ಟಿ ಮನೆ ಬಿಟ್ಟು ಆಚೆ ಬರೋಕೇ ಹೆದರಿಕೆ. ಇಲ್ಲದಿದ್ರೆ ಅದು ಬರೀ ಓಟದ ಪಂದ್ಯ. ಏಳು ಬೈ ಏಳು ಮನೆಯ ದೊಡ್ಡ ಆವೃತ್ತಿನೂ ಕರ್ನಾಟಕದಲ್ಲಿ ಇದೆ, ಅದಕ್ಕೆ ಕವಡೆಗಳೂ ಜಾಸ್ತಿ. ಕಲ್ಲಿನ ಮೇಲಿನ ಗೆರೆ ಈ ಮನೆಗಳನ್ನ ಎಣಿಸಿ ಹೇಳುತ್ತೆ. ಹೊಡೀಬೇಕಾ ಬೇಡವಾ ಅಂತ ಮಾತ್ರ ಹೇಳಲ್ಲ.

ಹಾಗಾದ್ರೆ ಬರೆದಿಟ್ಟಿದ್ರೆ ಉಳೀತಿತ್ತಾ? ನಮ್ಮ ರಾಜ್ಯದಲ್ಲೇ ಒಬ್ಬರು ಅದನ್ನ ಮಾಡಿದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳೋವರೆಗೂ ಅವರ ಕೈಲಿ ಸಮಯ ಇತ್ತು. ಅವರ ಹೆಸರಲ್ಲಿರೋ ಶ್ರೀತತ್ತ್ವನಿಧಿ ಗ್ರಂಥದ ಕೊನೇ ಭಾಗ, ಕೌತುಕನಿಧಿ, ಪೂರ್ತಿ ಆಟಗಳಿಗೆ ಮೀಸಲು. ಛದ್ ಗಂಜೀಫಾ ಅಂತ ಇಸ್ಪೀಟಿನ ಆಟಗಳನ್ನೇ 36 ಎಲೆಯಿಂದ 360 ಎಲೆವರೆಗೆ ಬೇರೆ ಬೇರೆ ಆವೃತ್ತಿಗಳಲ್ಲಿ ರೂಪಿಸಿದ್ರು. ಒಬ್ಬ ಪಬ್ಲಿಷರ್‌ಗೆ ಇರಬೇಕಾದ್ದೆಲ್ಲ ಇತ್ತು: ದುಡ್ಡು, ಚಿತ್ರಕಾರರು, ಅರಮನೆ. ಆದ್ರೂ 360 ಎಲೆ ಹಿಡ್ಕೊಂಡು ಆಡೋಕೆ ಯಾರಿಗೆ ಕೈ ಇದೆ ಹೇಳಿ? ಆಟ ಅರಮನೆ ದಾಟಲಿಲ್ಲ. ಗಂಜೀಫಾ ಇವತ್ತು ಗೋಡೆಗೆ ಹಾಕೋ ಚಿತ್ರಕಲೆಯಾಗಿ ಉಳಿದಿದೆ. ಮುಮ್ಮಡಿಯವರ ಮೇಲೆ ನನಗೆ ಅಪಾರ ಗೌರವ, ಆದ್ರೆ ಪ್ರಾಡಕ್ಟ್ ಆಗಿ ನೋಡಿದ್ರೆ ಹುಲಿ-ಕುರಿಯೇ ಗೆಲ್ಲೋದು. ಇದ್ದಲು ಒಂದು ಚೂರು, 18 ಕಲ್ಲು, ಮುಗೀತು.

ಬರೆದ ರೂಲು ಎಷ್ಟು ಬಲವಾದದ್ದು ಅನ್ನೋಕೆ ಚೆಸ್ ನೋಡಬೇಕು. ಕೃಷ್ಣದೇವರಾಯ ಪಟ್ಟಕ್ಕೆ ಬಂದಿದ್ದು 1509ರಲ್ಲಿ. ಸರಿಸುಮಾರು ಅದಕ್ಕೆ ಸ್ವಲ್ಪ ಮುಂಚೆ ಯುರೋಪಿನಲ್ಲಿ ಚೆಸ್ಸಿಗೆ ಹೊಸ ಎಡಿಷನ್ ಬಂದಿತ್ತು. ನಮ್ಮ ಮಂತ್ರಿ ಮೂಲೆಗೆ ಒಂದೇ ಮನೆ ನಡೀತಿದ್ದ. ಅಲ್ಲಿ ಅದು ರಾಣಿಯಾಗಿ, ಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡೋಕೆ ಶುರು ಮಾಡ್ತು. ಅಚ್ಚಿನ ಪುಸ್ತಕ ಆಗತಾನೇ ಬಂದಿದ್ರಿಂದ ಹೊಸ ರೂಲು ಬೇಗ ಹರಡಿತು, ಹಳೇದು ಅಲ್ಲಿ ಸತ್ತುಹೋಯ್ತು. ನಮ್ಮಲ್ಲಿ ಇಪ್ಪತ್ತನೇ ಶತಮಾನದವರೆಗೂ ದೇಸಿ ರೂಲ್ಸ್ ಬೇರೆ ಇತ್ತು: ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ, ಕ್ಯಾಸ್ಲಿಂಗ್ ಇಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಆ ರೂಲ್ಸಲ್ಲೇ ಬೆಳೆದವರು. ಇಂಗ್ಲೆಂಡಿಗೆ ಹೋಗೋಕೆ ಆಟವನ್ನೇ ಮತ್ತೆ ಕಲಿಯಬೇಕಾಯ್ತು. ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ್ರು! ಗ್ರ್ಯಾಂಡ್‌ಮಾಸ್ಟರ್ ಗೌರವ ಸಿಕ್ಕಿದ್ದು 2024ರಲ್ಲಿ, ತೀರಿಕೊಂಡು 58 ವರ್ಷ ಆದ ಮೇಲೆ. ಅವರ ಬಾಲ್ಯದ ಆ ಆಟವನ್ನ ಇವತ್ತು ಎಷ್ಟು ಜನ ಆಡ್ತಾರೆ?

ಪಗಡೆಗೂ ಇದೇ ಗತಿ. ಪಗಡೆ, ಪಚ್ಚೀಸಿ ಇಬ್ಬಿಬ್ಬರು ಜೋಡಿಯಾಗಿ ಆಡೋ ಆಟ. ನನ್ನ ಕಾಯಿ ಮೊದಲು ಹಣ್ಣಾದ್ರೆ ಸಾಲದು, ಎದುರು ಕೂತ ಜೊತೆಗಾರನದ್ದೂ ಆಗಬೇಕು, ಅವನಿಗೋಸ್ಕರ ನಾನು ಕಾಯಬೇಕು. 1896ರಲ್ಲಿ ಇಂಗ್ಲೆಂಡಲ್ಲಿ ಇದನ್ನ ಸರಳ ಮಾಡಿ, ಕವಡೆ ತೆಗೆದು ಒಂದು ದಾಳ ಹಾಕಿ, ಲೂಡೋ ಅಂತ ಪೇಟೆಂಟ್ ಮಾಡಿದ್ರು. ಜೋಡಿ ಹೋಯ್ತು, ಅವರವರ ಪಾಡು ಅವರವರಿಗೆ. ಆ ಎಡಿಷನ್ ವಾಪಸ್ ಭಾರತಕ್ಕೇ ಬಂದು ಇಲ್ಲಿನದ್ದನ್ನ ಬದಿಗೆ ತಳ್ಳಿತು. 2016ರಲ್ಲಿ ಮುಂಬೈನ ಕಂಪನಿ ಲೂಡೋ ಕಿಂಗ್ ಆ್ಯಪ್ ತಂತು, 2020ರ ಲಾಕ್‌ಡೌನಲ್ಲಿ ನಾವೆಲ್ಲ ಅದರಲ್ಲೇ ಇದ್ವಿ. ಲೂಡೋ ಚೆನ್ನಾಗಿದೆ ಅಂತ ಗೆದ್ದಿದ್ದಲ್ಲ. ಡಬ್ಬಿಯಲ್ಲಿ ಹಿಡಿಸ್ತು, ಒಂದು ಪುಟದಲ್ಲಿ ರೂಲ್ಸ್ ಬರೆಯೋಕೆ ಬಂತು, ಅದಕ್ಕೇ ಗೆದ್ದಿದ್ದು.

ಈಗ ಹುಲಿ-ಕುರಿ ಸರದಿ. ಪ್ಲೇ ಸ್ಟೋರಲ್ಲಿ ಹುಡುಕಿ, ಆ್ಯಪ್‌ಗಳಿವೆ. ನನಗೆ ಖುಷಿನೇ. ಆದ್ರೆ ಕೋಡ್ ಬರೆಯೋನು ಒಂದು ಸಂಖ್ಯೆ ಹಾಕಲೇಬೇಕು, 15 ಅಥವಾ 18. ಜೋಡಿ ಹಾರಿಕೆ ಇದೆ ಅಥವಾ ಇಲ್ಲ. ಅಲ್ಲಿ ಕಂಪ್ಲಿ ಅಜ್ಜನ ಜೊತೆ ವಾದ ಮಾಡೋಕೆ ಬರಲ್ಲ, ಬಟನ್ನೇ ಒತ್ತೋಕಾಗಲ್ಲ. ಹತ್ತು ವರ್ಷ ಬಿಟ್ರೆ ಹಂಪಿ ಗೈಡು ಕೂಡ ಆ ಕಲ್ಲು ತೋರಿಸಿ ಆ್ಯಪಿನ ರೂಲನ್ನೇ ವಿಜಯನಗರದ ರೂಲು ಅಂತ ಹೇಳ್ತಾನೆ ಅನ್ನೋ ಭಯ ನನಗಿದೆ.

ಕಲ್ಲನ್ನಾದ್ರೂ ಕಾಪಾಡ್ತಿದೀವಾ ಅಂದ್ರೆ, ಕಾನೂನು ಇದೆ. 1958ರ ಸ್ಮಾರಕ ಕಾಯ್ದೆ, 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕ ಹಾಳು ಮಾಡಿದ್ರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇವತ್ತು ನೀವು ಹೋಗಿ ಒಂದು ಹುಲಿ-ಕುರಿ ಗೀಚಿದ್ರೆ ಅಪರಾಧಿ. ನಾನೂರು ವರ್ಷದ ಹಿಂದೆ ಗೀಚಿದವನದ್ದು ಪರಂಪರೆ. ದಯವಿಟ್ಟು ಗೀಚಬೇಡಿ, ಈ ಕಾನೂನು ಸರಿಯಾಗೇ ಇದೆ. ಆದ್ರೆ ಇನ್ನೊಂದು ಮುಖ ಇದೆ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಗುಡಿ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಇದ್ದ ಮನೆ, ಅಂಗಡಿಗಳನ್ನ ತೆರವು ಮಾಡಿದ್ರು. ಒತ್ತುವರಿ ಅನ್ನೋದು ಸರ್ಕಾರದ ಮಾತು, ಬದುಕು ಅನ್ನೋದು ಅಲ್ಲಿದ್ದವರ ಮಾತು, ಆ ವಾದ ಇಲ್ಲಿ ಬೇಡ. ನನಗೆ ಕಾಣೋದು ಇಷ್ಟು: ಮಣೆಯ ಮೇಲಿನ ಚೌಕಕ್ಕೂ ನಾವು ಮನೆ ಅಂತೀವಿ. ಆ ಮನೆ ಅಲ್ಲೇ ಉಳೀತು. ಅದರ ಪಕ್ಕ ಸಂಜೆ ಕೂರ್ತಿದ್ದವರು ಬೇರೆ ಕಡೆ ಹೋದ್ರು. ಮಣೆಗೆ ಕಾವಲುಗಾರ ಇದಾನೆ. ರೂಲಿಗೆ ಯಾರಿದಾರೆ?

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅಂತ ಪ್ರದರ್ಶನ ಮಾಡಿ ಇಂಥ ಮಣೆಗಳನ್ನ ಮತ್ತೆ ಮಾಡಿಸಿ ಜನರ ಕೈಗೆ ಕೊಟ್ಟಿದಾರೆ, ಒಳ್ಳೇ ಕೆಲಸ. ನಮ್ಮ ಭಾಗದ ರೂಲ್ಸು ನಮ್ಮ ಭಾಗದವರ ಬಾಯಿಂದಲೇ ಬರಬೇಕು.

ಅದಕ್ಕೆ ಒಂದು ಕೆಲಸ ಹೇಳ್ತೀನಿ. ಈ ಭಾನುವಾರ ಮನೇಲಿ ಅರವತ್ತು ದಾಟಿದವರು ಯಾರೇ ಇರ್ಲಿ, ಫೋನ್ ರೆಕಾರ್ಡರ್ ಆನ್ ಮಾಡಿ ಕೇಳಿ. ನಿಮ್ಮಲ್ಲಿ ಈ ಆಟಕ್ಕೆ ಏನಂತಿದ್ರಿ? ಎಷ್ಟು ಹುಲಿ, ಎಷ್ಟು ಕುರಿ? ಹುಲಿಗಳನ್ನ ಮೊದಲು ಎಲ್ಲಿ ಕೂರಿಸ್ತಿದ್ರಿ? ಜೋಡಿ ಹಾರಿಕೆ ಇತ್ತಾ? ಚೌಕಾಬಾರದಲ್ಲಿ ಹೊಡೀದೆ ಒಳಗೆ ಹೋಗಬಹುದಿತ್ತಾ? ಯಾರ ಹತ್ರ ಕಲಿತ್ರಿ? ಮಧ್ಯೆ ಇನ್ನೊಬ್ಬರು ಬಂದು "ಹಂಗಲ್ಲ ಅದು" ಅಂತ ಜಗಳ ತೆಗೆದ್ರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಆ ಜಗಳಾನೇ ನನಗೆ ಬೇಕಾಗಿರೋದು. ವಾಯ್ಸ್ ನೋಟ್ ಕಳಿಸಿ, ಊರಿನ ಹೆಸರು ಮೊದಲೇ ಹೇಳಿ. ಹೊಸಪೇಟೆ ಅಂದ್ರೆ ಯಾವ ಓಣಿ ಅಂತಾನೂ ಹೇಳಿ.